ವಿಸರ್ಜನೆಯ ವಿವೇಕ

ಮುನಿಧರ್ಮದಲ್ಲಿ ಹೇಳಿರುವ ಐದು ಸಮಿತಿಗಳ ಪೈಕಿ ಶ್ರಾವಕರ ನೆನಪಿನಲ್ಲಿ ಮೊದಲು ನಿಲ್ಲುವುದು ಈರ್ಯಾಸಮಿತಿ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆಯಿಡುವ ಮುನಿಗಳ ವಿಹಾರವನ್ನು ಎಲ್ಲರೂ ಕಂಡಿದ್ದಾರೆ. ಭಾಷಾಸಮಿತಿಯು ಪ್ರವಚನದ ಸಂದರ್ಭದಲ್ಲಿ, ಏಷಣಾಸಮಿತಿಯು ಆಹಾರದಾನದ ಸಂದರ್ಭದಲ್ಲಿ ಅನುಭವಕ್ಕೆ ಬರುತ್ತವೆ. ಆದರೆ ಕೊನೆಯ ಎರಡು ಸಮಿತಿಗಳ ಕಡೆಗೆ ಗೃಹಸ್ಥರ ಗಮನ ಹರಿಯುವುದು ಕಡಿಮೆ. ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ಎಚ್ಚರದಿಂದಿರುವುದು ಆದಾನ-ನಿಕ್ಷೇಪಣ ಸಮಿತಿ. ಶರೀರದ ಮಲವನ್ನು, ಜೀವರಹಿತವೂ ಪರರಿಗೆ ಬಾಧೆಯಾಗದಂಥದೂ ಆದ ಸ್ಥಳವನ್ನು ಪರೀಕ್ಷಿಸಿ ವಿಸರ್ಜಿಸುವುದು ಉತ್ಸರ್ಗ ಸಮಿತಿ. ಇದಕ್ಕೆ ಪ್ರತಿಷ್ಠಾಪನ ಸಮಿತಿಯೆಂಬ ಹೆಸರೂ ಉಂಟು. ಪಡೆಯುವುದರಲ್ಲಿ ಮಾತ್ರವಲ್ಲ, ಬಿಡುವುದರಲ್ಲಿಯೂ ಹಿಂಸೆ-ಅಹಿಂಸೆಗಳ ಪ್ರಶ್ನೆ ಅಡಗಿದೆಯೆಂಬುದನ್ನು ಜೈನ ಪರಂಪರೆಯು ಹೀಗೆ ಆಚಾರದ ಅಂಗವಾಗಿಯೇ ಸ್ವೀಕರಿಸಿದೆ.

ಗೃಹಸ್ಥರ ಮನೆಯಲ್ಲಿಯೂ ಇದಕ್ಕೆ ಹೋಲುವ ಒಂದು ಕ್ರಮವಿತ್ತು. ಬಾವಿಯ ನೀರನ್ನು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅಂಗಳಕ್ಕೆ ಚೆಲ್ಲದೆ, ಆ ನೀರು ಯಾವ ಬಾವಿಯದೋ ಅದೇ ಬಾವಿಗೆ ಮರಳಿಸಬೇಕೆಂಬುದು ಹಿರಿಯರ ನಿಯಮ. ಮನೆಮನೆಗೆ ನಳದ ನೀರು ಬಂದ ಮೇಲೆ ಈ ರೂಢಿ ಅನೇಕ ಕಡೆ ಮರೆಯಾಯಿತು. ಅದರೊಂದಿಗೆ, ಬಳಸಿ ಉಳಿದದ್ದು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯೂ ಮನಸ್ಸಿನಿಂದ ಮರೆಯಾಯಿತು. ಈ ಕಾಲದ ಗೃಹಸ್ಥನಿಗೆ ಕಸವೆಂದರೆ ಬಾಗಿಲಾಚೆ ಇಟ್ಟೊಡನೆ ಇಲ್ಲವಾಗುವ ವಸ್ತು. ಅಥವಾ, ಮರುಬಳಕೆ ಎಂಬ ಹೆಸರಿನಲ್ಲಿ ಯಾರೋ ಒಯ್ದು ಏನೋ ಮಾಡಿ ಪುನಃ ಉಪಯೋಗಕ್ಕೆ ತರುವ ವಸ್ತು. ಕಾಗದ, ಗಾಜು, ಹಿತ್ತಾಳೆಗಳ ಮಟ್ಟಿಗೆ ಈ ನಂಬಿಕೆಯಿಂದ ಹೆಚ್ಚಿನ ಕೇಡಿಲ್ಲ. ಆದರೆ ಅಣುಸ್ಥಾವರದಲ್ಲಿ ಉರಿದ ಯುರೇನಿಯಂ, ಆಸ್ಪತ್ರೆಯ ಕೋಬಾಲ್ಟ್, ಥರ್ಮಾಮೀಟರಿನ ಪಾದರಸ, ಬ್ಯಾಟರಿಯ ಸೀಸ, ಛಾವಣಿಯ ಕಲ್ನಾರು ಇವುಗಳ ವಿಷಯದಲ್ಲಿ ಏನು? ಇಂಥ ವಸ್ತುಗಳನ್ನು ಮರುಬಳಸಲು ಸಾಧ್ಯವೆ? ಸಾಧ್ಯವಾದ ಮಾತ್ರಕ್ಕೆ ಅದು ಯೋಗ್ಯವೆ? ಈ ಎರಡು ಪ್ರಶ್ನೆಗಳು ಅಹಿಂಸಾಧರ್ಮಿಗಳ ಚಿಂತನೆಗೆ ಅರ್ಹವಾಗಿವೆ.

ಪುದ್ಗಲದ ಪರ್ಯಾಯ

ಉತ್ಪಾದ, ವ್ಯಯ, ಧ್ರೌವ್ಯ ಈ ಮೂರೂ ಸೇರಿದ್ದೇ ಸತ್ತಿನ ಲಕ್ಷಣವೆಂಬುದು ತತ್ತ್ವಾರ್ಥಸೂತ್ರದ ಅಧ್ಯಯನ ಮಾಡಿದವರಿಗೆಲ್ಲ ವಿದಿತವಾದ ಸಂಗತಿ. ಪರ್ಯಾಯಗಳು ಹುಟ್ಟುತ್ತವೆ, ಅಳಿಯುತ್ತವೆ, ದ್ರವ್ಯವು ನಿಲ್ಲುತ್ತದೆ. ಕಂಚಿನ ಹಳೆಯ ಪಾತ್ರೆಗಳನ್ನು ಕರಗಿಸಿ ಬಸದಿಯ ಘಂಟೆಯನ್ನು ಎರಕ ಹೊಯ್ದಾಗ ಪಾತ್ರೆಯ ಪರ್ಯಾಯ ಅಳಿದು ಘಂಟೆಯ ಪರ್ಯಾಯ ಹುಟ್ಟಿತು; ಲೋಹ ಅಳಿಯಲಿಲ್ಲ. ಆದ್ದರಿಂದ ಮರುಬಳಕೆ ಎಂಬ ವಿಚಾರವು ಜೈನರಿಗೆ ಹೊಸತಲ್ಲ. ಹಾಗೆಂದು ಪ್ರಾಚೀನ ಗ್ರಂಥಗಳಲ್ಲಿ ಅಣುಸ್ಥಾವರವನ್ನು ಹುಡುಕಹೊರಡುವುದು ಗ್ರಂಥಕ್ಕೂ ವಿಜ್ಞಾನಕ್ಕೂ ಅಪಚಾರ. ಗ್ರಂಥಗಳಿಂದ ದೊರೆಯುವುದು ನಡತೆಯ ದಾರಿ. ವಸ್ತುವಿನ ಸ್ವಭಾವವನ್ನು ಪ್ರಯೋಗದಿಂದಲೇ ಅರಿಯಬೇಕು.

ಆ ಸ್ವಭಾವದಲ್ಲಿ ಮುಖ್ಯವಾದ ಒಂದು ಭೇದವಿದೆ. ಸಾಮಾನ್ಯವಾದ ಅನೇಕ ವಿಷಗಳನ್ನು ಬೆಂಕಿಯಿಂದಲೋ ಆಮ್ಲದಿಂದಲೋ ಇನ್ನೊಂದು ವಸ್ತುವಿನ ಸಂಯೋಗದಿಂದಲೋ ನಿರ್ವಿಷಗೊಳಿಸಬಹುದು. ವಿಕಿರಣಶೀಲ ವಸ್ತುವಿಗೆ ಈ ಉಪಾಯಗಳಾವುವೂ ನಾಟುವುದಿಲ್ಲ. ಅದನ್ನು ಸುಟ್ಟರೆ ಹೊಗೆಯೇ ವಿಕಿರಣಶೀಲವಾಗುತ್ತದೆ. ಕರಗಿಸಿದರೆ ದ್ರಾವಣ, ಹೂತರೆ ಮಣ್ಣು ವಿಕಿರಣಶೀಲವಾಗುತ್ತದೆ. ಅದರ ಉಗ್ರತೆ ಕುಗ್ಗುವುದು ತನ್ನದೇ ಕಾಲಗತಿಯಲ್ಲಿ. ಅರ್ಧ ಭಾಗವು ಶಮನವಾಗಲು ತಗಲುವ ಅವಧಿಗೆ ಅರ್ಧಾಯು ಎಂದು ಹೆಸರು. ಥೈರಾಯ್ಡ್ ರೋಗಕ್ಕೆ ಬಳಸುವ ಅಯೋಡಿನ್-131ರ ಅರ್ಧಾಯು 8 ದಿನ. ಕ್ಯಾನ್ಸರ್ ಚಿಕಿತ್ಸೆಯ ಕೋಬಾಲ್ಟ್-60ರದು ಐದೂಕಾಲು ವರ್ಷಕ್ಕೆ ತುಸು ಹೆಚ್ಚು. ಸೀಸಿಯಂ-137ರದು ಸುಮಾರು 30 ವರ್ಷ. ಪ್ಲುಟೋನಿಯಂ-239ರದು ಸುಮಾರು 24,100 ವರ್ಷ.

ಕರ್ಮಸಿದ್ಧಾಂತವನ್ನು ಬಲ್ಲವರಿಗೆ ಇಲ್ಲೊಂದು ಹೋಲಿಕೆ ತೋರಬಹುದು. ಬಂಧವಾದಾಗಲೇ ಕರ್ಮಕ್ಕೆ ಅದರ ಸ್ಥಿತಿಯೂ ನಿಶ್ಚಿತವಾಗುತ್ತದೆ; ಕಾಲ ಬಂದಾಗ ಫಲಕೊಟ್ಟು ಕಳಚುವುದು ಸವಿಪಾಕ ನಿರ್ಜರೆ. ತಪಸ್ಸಿನಿಂದ ಕಾಲಕ್ಕೆ ಮೊದಲೇ ಕಳಚಿಸುವ ಅವಿಪಾಕ ನಿರ್ಜರೆಯೂ ಉಂಟು. ವಿಕಿರಣಶೀಲ ದ್ರವ್ಯಕ್ಕೆ ಸಾಮಾನ್ಯವಾಗಿ ದೊರೆಯುವುದು ಮೊದಲನೆಯ ದಾರಿ ಮಾತ್ರ. ಕಾಯಬೇಕು, ಕಾಯುವಷ್ಟು ಕಾಲವೂ ಕಾವಲಿರಬೇಕು. ಇದು ಹೋಲಿಕೆಯಷ್ಟೇ ಹೊರತು ಸಮೀಕರಣವಲ್ಲ. ಆದರೂ ಕಾಲದ ಅಳತೆಯನ್ನು ಮನಗಾಣಲು ಇನ್ನೊಂದು ಮಾತನ್ನು ನೆನೆಯಬಹುದು. ಈಗ ನಡೆಯುತ್ತಿರುವ ಪಂಚಮಕಾಲದ ಒಟ್ಟು ಅವಧಿ 21,000 ವರ್ಷವೆಂದು ಆಗಮಗಳ ಗಣನೆ. ಭಗವಾನ್ ಮಹಾವೀರರ ನಿರ್ವಾಣದ ತರುವಾಯ ಅದರಲ್ಲಿ ಕಳೆದದ್ದು ಎರಡೂವರೆ ಸಾವಿರ ವರ್ಷ. ಇಂದು ಸ್ಥಾವರವೊಂದರಲ್ಲಿ ಹುಟ್ಟಿದ ಪ್ಲುಟೋನಿಯಂ ಪಂಚಮಕಾಲದ ಕೊನೆಯ ದಿನದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತದೆ. ಕ್ರಿ.ಶ. 981ರಲ್ಲಿ ಚಾವುಂಡರಾಯನು ಪ್ರತಿಷ್ಠಾಪಿಸಿದ ಗೊಮ್ಮಟಮೂರ್ತಿಗೆ ಸಾವಿರ ವರ್ಷವಾದುದನ್ನೇ ಜನರು ಅದ್ಭುತವೆಂದು ಬಗೆಯುತ್ತಾರೆ. ಅದರ ಇಪ್ಪತ್ತು ಪಟ್ಟಿಗೂ ಹೆಚ್ಚಿನ ಕಾಲದ ಹೊಣೆಯನ್ನು ಒಂದು ತಲೆಮಾರು ತನ್ನ ವಿದ್ಯುದ್ದೀಪಗಳಿಗಾಗಿ ಸೃಷ್ಟಿಸುತ್ತಿದೆ.

ಉರಿದ ಇಂಧನದಲ್ಲಿ ಉಳಿದದ್ದು

ಹಾಗಾದರೆ ಮರುಬಳಕೆ ಸಾಧ್ಯವೆ? ಸಾಧ್ಯ, ಭಾರತವು ಅದನ್ನು ದೀರ್ಘಕಾಲದಿಂದ ಮಾಡುತ್ತಲೂ ಬಂದಿದೆ. ಉತ್ತರ ಕನ್ನಡದ ಕಾಳೀನದಿಯ ದಡದಲ್ಲಿರುವ ಕೈಗಾ ಸ್ಥಾವರದ ನಾಲ್ಕು ಘಟಕಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ತಲಾ 220 ಮೆಗಾವ್ಯಾಟ್ ಸಾಮರ್ಥ್ಯದ ಈ ಘಟಕಗಳಲ್ಲಿ ಬಳಸುವುದು ನೈಸರ್ಗಿಕ ಯುರೇನಿಯಂ. ಅದರಲ್ಲಿ ಸುಲಭವಾಗಿ ವಿದಳನಗೊಳ್ಳುವ ಯುರೇನಿಯಂ-235 ಇರುವುದು ನೂರಕ್ಕೆ ಒಂದು ಭಾಗಕ್ಕಿಂತಲೂ ಕಡಿಮೆ, ಸುಮಾರು 0.7. ಇಂಧನವು ಉರಿದು ಹೊರಬಂದಾಗಲೂ ನೂರರಲ್ಲಿ 98 ಭಾಗಕ್ಕೆ ಮೀರಿ ಯುರೇನಿಯಂ ಆಗಿಯೇ ಉಳಿದಿರುತ್ತದೆ. ಅರ್ಧ ಭಾಗಕ್ಕೂ ಕಡಿಮೆ ಪ್ಲುಟೋನಿಯಂ ಹೊಸದಾಗಿ ಹುಟ್ಟಿರುತ್ತದೆ. ಸೀಸಿಯಂ, ಸ್ಟ್ರಾನ್ಷಿಯಂ ಮುಂತಾದ ಉಗ್ರ ವಿಕಿರಣದ ವಿದಳನಶೇಷಗಳು ಒಟ್ಟು ತೂಕದ ಬಹು ಸಣ್ಣ ಪಾಲು. ಎಂದರೆ ತ್ಯಾಜ್ಯವೆಂದು ಕರೆಯುವ ವಸ್ತುವಿನ ಬಹುಪಾಲು ನಿಜವಾಗಿ ತ್ಯಾಜ್ಯವೇ ಅಲ್ಲ.

ಇವನ್ನು ಬೇರ್ಪಡಿಸುವ ಕಾರ್ಯಕ್ಕೆ ಪುನಸ್ಸಂಸ್ಕರಣವೆಂದು ಹೆಸರು. ಉರಿದ ಇಂಧನವನ್ನು ವರ್ಷಗಟ್ಟಲೆ ನೀರಿನ ಕೊಳದಲ್ಲಿ ತಣಿಸಿ, ದಪ್ಪ ಗೋಡೆಗಳ ಹಿಂದೆ ದೂರನಿಯಂತ್ರಣದಿಂದ ತುಂಡರಿಸಿ, ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಯುರೇನಿಯಂ ಮತ್ತು ಪ್ಲುಟೋನಿಯಂಗಳನ್ನು ಬೇರೆಬೇರೆಯಾಗಿ ಹೊರತೆಗೆಯುತ್ತಾರೆ. ಟ್ರಾಂಬೆಯಲ್ಲಿ 1964ರಲ್ಲಿಯೇ ಇಂಥ ಕಾರ್ಯಾಗಾರ ಆರಂಭವಾಯಿತು; ಅನಂತರ ತಾರಾಪುರ ಹಾಗೂ ಕಲ್ಪಾಕ್ಕಂಗಳಲ್ಲಿಯೂ ಸ್ಥಾಪನೆಗೊಂಡಿತು. ಡಾ. ಹೋಮಿ ಭಾಭಾ ಅವರು ರೂಪಿಸಿದ ಮೂರು ಹಂತಗಳ ಯೋಜನೆಯ ತಳಹದಿಯೇ ಈ ಮರುಬಳಕೆ. ಮೊದಲ ಹಂತದಲ್ಲಿ ದೊರೆತ ಪ್ಲುಟೋನಿಯಂ ಎರಡನೆಯ ಹಂತದ ಕ್ಷಿಪ್ರ ಸ್ಥಾವರಗಳಿಗೆ ಇಂಧನ. ಅವುಗಳ ನೆರವಿನಿಂದ ದೇಶದ ಕಡಲತೀರದ ಮರಳಿನಲ್ಲಿರುವ ಥೋರಿಯಂ ಮೂರನೆಯ ಹಂತಕ್ಕೆ ಬಳಕೆಯಾಗಬೇಕೆಂಬುದು ಉದ್ದೇಶ. ಕಲ್ಪಾಕ್ಕಂನ ಪ್ರಾಯೋಗಿಕ ಕ್ಷಿಪ್ರ ಸ್ಥಾವರವು 1985ರಲ್ಲಿ ಕಾರ್ಯಾರಂಭ ಮಾಡಿತು. ದೀರ್ಘಾಯುವಾದ ಪ್ಲುಟೋನಿಯಂ ಇಂಥ ಸ್ಥಾವರದಲ್ಲಿ ಒಡೆದು ಅಲ್ಪಾಯುವಾದ ದ್ರವ್ಯಗಳಾಗುವುದರಿಂದ, ಮುಂದಿನ ತಲೆಮಾರುಗಳ ಕಾವಲಿನ ಭಾರವೂ ಸ್ವಲ್ಪ ಹಗುರಾಗುತ್ತದೆ. ಹಿಂದೆ ಹೇಳಿದ ಅವಿಪಾಕ ನಿರ್ಜರೆಗೆ ಹೋಲಿಸಬಹುದಾದ ದಾರಿ ಏನಾದರೂ ಇದ್ದರೆ ಅದು ಇದೇ.

ಉಳಿದ ಉಗ್ರ ದ್ರಾವಣವನ್ನು ಬೋರೋಸಿಲಿಕೇಟ್ ಗಾಜಿನೊಡನೆ ಕರಗಿಸಿ ಉಕ್ಕಿನ ಪಾತ್ರೆಗಳಲ್ಲಿ ಗಟ್ಟಿಗೊಳಿಸುತ್ತಾರೆ. ಇದರಲ್ಲಿಯೂ ಉಪಯುಕ್ತ ಭಾಗವುಂಟು. ಭಾಭಾ ಅಣುಸಂಶೋಧನ ಕೇಂದ್ರದ ವಿಜ್ಞಾನಿಗಳು ತ್ಯಾಜ್ಯದಿಂದ ಸೀಸಿಯಂ-137ನ್ನು ಬೇರ್ಪಡಿಸಿ, ಗಾಜಿನ ಕಡ್ಡಿಗಳಾಗಿ ಮಾಡಿ, ರೋಗಿಗಳಿಗೆ ಕೊಡುವ ರಕ್ತದ ಸಂಸ್ಕರಣಕ್ಕೆ ಬಳಕೆಗೆ ತಂದಿದ್ದಾರೆ. ರುಥೇನಿಯಂ-106ರಿಂದ ಕಣ್ಣಿನ ಕ್ಯಾನ್ಸರಿನ ಚಿಕಿತ್ಸೆಗೆ ಸಾಧನ ರಚಿಸಿದ್ದಾರೆ. ಅಣುಸ್ಥಾವರದ ಕಸವೊಂದು ಮಗುವಿನ ದೃಷ್ಟಿಯನ್ನು ಉಳಿಸಬಲ್ಲದೆಂದರೆ ಅದು ಶ್ಲಾಘ್ಯವಲ್ಲದೆ ಮತ್ತೇನು?

ಆದರೆ ನಾಣ್ಯಕ್ಕೆ ಇನ್ನೊಂದು ಮುಖವುಂಟು. ಬೇರ್ಪಡಿಸಿದ ಪ್ಲುಟೋನಿಯಂ ಇಂಧನವೂ ಹೌದು, ಆಯುಧದ ದ್ರವ್ಯವೂ ಹೌದು. 1974ರ ಮೇ 18ರಂದು ಪೋಖರಣದಲ್ಲಿ ನಡೆದ ಸ್ಫೋಟದ ಪ್ಲುಟೋನಿಯಂ ಟ್ರಾಂಬೆಯಲ್ಲಿಯೇ ಬೇರ್ಪಟ್ಟದ್ದು. ಆಯುಧಗಳ ಪ್ರಸಾರದ ಭಯದಿಂದಲೇ ಅಮೆರಿಕದ ಅಧ್ಯಕ್ಷ ಕಾರ್ಟರ್ ಅವರು 1977ರಲ್ಲಿ ತಮ್ಮ ದೇಶದ ವಾಣಿಜ್ಯ ಪುನಸ್ಸಂಸ್ಕರಣವನ್ನು ತಡೆಹಿಡಿದರು. ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ನಡೆದ ಘಟನೆಯೂ ಇದೆ. 1993ರ ಒಪ್ಪಂದದಂತೆ ರಷ್ಯಾದ ಅಣ್ವಸ್ತ್ರಗಳಿಂದ ತೆಗೆದ 500 ಟನ್ ಯುರೇನಿಯಂ, ಎಂದರೆ ಸುಮಾರು 20,000 ಸಿಡಿತಲೆಗಳಿಗೆ ಸಾಲುವಷ್ಟು ದ್ರವ್ಯ, ದುರ್ಬಲಗೊಂಡು ಅಮೆರಿಕದ ವಿದ್ಯುತ್ ಸ್ಥಾವರಗಳಿಗೆ ಇಂಧನವಾಯಿತು. 2013ರ ಡಿಸೆಂಬರಿನಲ್ಲಿ ಕೊನೆಯ ಕಂತು ತಲುಪಿತು. ಇಪ್ಪತ್ತು ವರ್ಷಗಳ ಕಾಲ ಆ ದೇಶದ ವಿದ್ಯುತ್ತಿನ ಸುಮಾರು ಹತ್ತನೆಯ ಒಂದು ಭಾಗ, ನಗರಗಳನ್ನು ಭಸ್ಮ ಮಾಡಲೆಂದು ಕೂಡಿಟ್ಟ ದ್ರವ್ಯದಿಂದ ಹೊಮ್ಮಿತು. ಟ್ರಾಂಬೆ, ರಷ್ಯಾ ಎರಡೂ ಕಡೆ ವಿದ್ಯೆ ಮನುಷ್ಯನದೇ, ಭೇದವಿದ್ದುದು ಭಾವದಲ್ಲಿ.

ಮರುಬಳಸಿದ ಮೇಲೂ ಶೇಷವೊಂದು ಉಳಿಯುತ್ತದೆಂಬುದನ್ನು ಮರೆಯುವಂತಿಲ್ಲ. ಫಿನ್ಲೆಂಡ್ ದೇಶವು ಓಲ್ಕಿಲುವೋಟೊ ಎಂಬಲ್ಲಿ 400 ಮೀಟರಿಗೂ ಹೆಚ್ಚು ಆಳದ ಬಂಡೆಯಲ್ಲಿ ಭಂಡಾರವನ್ನು ಕೊರೆದಿದೆ. ಭಾರತದ ಗಾಜಿನ ಪಾತ್ರೆಗಳು ಸದ್ಯಕ್ಕೆ ನೆಲದ ಮಟ್ಟದ ಕಾವಲಿನ ಭಂಡಾರಗಳಲ್ಲಿವೆ. ಇಂಥ ಶೇಷದ ಬಿಸಿಗೆ ಬಂಡೆ ಹೇಗೆ ವರ್ತಿಸುತ್ತದೆಂದು ತಿಳಿಯಲು ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಹಿಂದೆ ಪ್ರಯೋಗಗಳು ನಡೆದಿದ್ದವು. 2012ರಲ್ಲಿ, ಕೂಡಂಕುಳಂ ಸ್ಥಾವರದ ಶೇಷವನ್ನು ಮುಚ್ಚಿದ ಆ ಗಣಿಗಳಿಗೆ ತರುತ್ತಾರೆಂಬ ಸುದ್ದಿ ಹರಡಿದಾಗ ಕೋಲಾರದ ಜನರು ಬೀದಿಗಿಳಿದರು. ಅಂಥ ಯೋಜನೆಯಿಲ್ಲವೆಂದು ಸರಕಾರ ಹೇಳಿತು. ಅಂದು ಪ್ರತಿಭಟಿಸಿದವರನ್ನು ಅಜ್ಞಾನಿಗಳೆಂದು ಹಳಿಯುವುದು ಸುಲಭ. ಆದರೆ ಬೆಳಕು ಒಬ್ಬರಿಗೆ, ಬೂದಿ ಇನ್ನೊಬ್ಬರಿಗೆ ಎಂಬ ವ್ಯವಸ್ಥೆಯನ್ನು ಒಪ್ಪುವ ಮೊದಲು ಅವರನ್ನು ಕೇಳಬೇಕಾದದ್ದು ನ್ಯಾಯವಲ್ಲವೆ? ಪರಬಾಧೆಯಾಗದ ಸ್ಥಳವನ್ನು ನೋಡಿ ವಿಸರ್ಜಿಸಬೇಕೆಂಬ ಸಮಿತಿಯ ಆಶಯವನ್ನು ಇಡೀ ದೇಶಕ್ಕೆ ಅನ್ವಯಿಸಿದಾಗ ಏಳುವ ಪ್ರಶ್ನೆ ಇದು.

ಅರಿವಿಲ್ಲದ ಮರುಬಳಕೆ

ಸ್ಥಾವರಗಳಲ್ಲಿ ನಡೆಯುವ ಮರುಬಳಕೆಗೆ ವಿಜ್ಞಾನಿಗಳ ಕಾವಲಿದೆ. ಜನಸಾಮಾನ್ಯರ ಪ್ರಾಣ ಹೋಗಿರುವುದು ಬಹುಮಟ್ಟಿಗೆ ಕಾವಲಿಲ್ಲದ ಇನ್ನೊಂದು ಬಗೆಯ ಮರುಬಳಕೆಯಲ್ಲಿ, ಗುಜರಿ ಅಂಗಡಿಯಲ್ಲಿ.

ಬ್ರೆಜಿಲ್ ದೇಶದ ಗೊಯಾನಿಯಾ ನಗರದಲ್ಲಿ ಒಂದು ಚಿಕಿತ್ಸಾಲಯವು ಬೇರೆ ಕಟ್ಟಡಕ್ಕೆ ಹೋಗುವಾಗ ಸೀಸಿಯಂ ತುಂಬಿದ ಯಂತ್ರವನ್ನು ಹಳೆಯ ಕಟ್ಟಡದಲ್ಲಿಯೇ ಬಿಟ್ಟಿತು. 1987ರ ಸೆಪ್ಟೆಂಬರಿನಲ್ಲಿ ಇಬ್ಬರು ಅದರ ಭಾಗಗಳನ್ನು ಕಳಚಿ ಗುಜರಿಗೆ ಮಾರಿದರು. ಒಳಗಿನ ಪುಡಿ ಕತ್ತಲೆಯಲ್ಲಿ ನೀಲಿಯಾಗಿ ಹೊಳೆಯುತ್ತಿದ್ದುದನ್ನು ಕಂಡು ಅಂಗಡಿಯವನು ಅದನ್ನು ಮನೆಗೆ ಒಯ್ದು ಬಂಧುಮಿತ್ರರಿಗೆ ಹಂಚಿದನು. ಆರು ವರ್ಷದ ಬಾಲೆಯೊಬ್ಬಳು ಆ ಪುಡಿ ಅಂಟಿದ ಕೈಯಿಂದಲೇ ಊಟ ಮಾಡಿದಳು. ನಾಲ್ವರು ಮೃತರಾದರು, ಅವರಲ್ಲಿ ಆ ಬಾಲೆಯೂ ಒಬ್ಬಳು. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಬೇಕಾಯಿತು. 249 ಜನರ ಮೈಮೇಲೋ ದೇಹದೊಳಗೋ ಸೀಸಿಯಂ ಕಂಡುಬಂತು. ಯಂತ್ರದೊಳಗಿದ್ದ ಪುಡಿಯ ತೂಕ ನೂರು ಗ್ರಾಂ ಕೂಡ ಇರಲಿಲ್ಲ. ಅದು ಸೋಂಕಿದ ಮನೆಗಳ ಅವಶೇಷ, ಮಣ್ಣು, ಬಟ್ಟೆಬರೆಗಳೆಲ್ಲ ಸೇರಿ ಸುಮಾರು 3,500 ಘನಮೀಟರ್ ತ್ಯಾಜ್ಯವಾಯಿತು.

ಮೆಕ್ಸಿಕೋ ದೇಶದ ಹ್ವಾರೆಸ್ ನಗರದಲ್ಲಿ 1983ರ ಕೊನೆಗೆ ಒಂದು ಕೋಬಾಲ್ಟ್ ಯಂತ್ರವು ಇದೇ ರೀತಿ ಗುಜರಿಗೆ ಹೋಗಿ, ಕುಲುಮೆಯಲ್ಲಿ ಕರಗಿ, ಮನೆ ಕಟ್ಟುವ ಕಬ್ಬಿಣದ ಸರಳುಗಳಾಯಿತು. ಆ ಸರಳು ಹೊತ್ತ ಲಾರಿಯೊಂದು 1984ರ ಜನವರಿಯಲ್ಲಿ ಅಮೆರಿಕದ ಲಾಸ್ ಆಲಮೋಸ್ ಪ್ರಯೋಗಶಾಲೆಯ ಬಳಿ ಆಕಸ್ಮಿಕವಾಗಿ ಹಾದುಹೋದಾಗ ಅಲ್ಲಿನ ಮಾಪಕವು ಎಚ್ಚರಿಸಿತು. ಆಗಲೇ ಲೋಕಕ್ಕೆ ಸಂಗತಿ ತಿಳಿದದ್ದು. ಅಷ್ಟರಲ್ಲಿ ಕಟ್ಟಿ ಮುಗಿದಿದ್ದ ಅನೇಕ ಮನೆಗಳನ್ನು ಕೆಡವಬೇಕಾಯಿತು.

ಭಾರತದಲ್ಲಿ, 2010ರಲ್ಲಿ, ದಿಲ್ಲಿ ವಿಶ್ವವಿದ್ಯಾಲಯದಲ್ಲಿ 1985ರಿಂದ ಬಳಕೆಯಿಲ್ಲದೆ ಬಿದ್ದಿದ್ದ ಗಾಮಾ ಯಂತ್ರವೊಂದನ್ನು ಹಳೆಯ ಸಾಮಾನುಗಳೊಡನೆ ಹರಾಜಿಗೆ ಹಾಕಲಾಯಿತು. ಅದು ಮಾಯಾಪುರಿಯ ಗುಜರಿ ಪೇಟೆಗೆ ತಲುಪಿ, ಕೆಲಸಗಾರರ ಕೈಯಲ್ಲಿ ತುಂಡಾಯಿತು. ಒಬ್ಬ ಕೆಲಸಗಾರ ಮೃತನಾದನು. ಹಲವರು ತೀವ್ರವಾಗಿ ಗಾಯಗೊಂಡರು. ಆ ಯಂತ್ರವು ದೇಶಕ್ಕೆ ಬಂದು ಆಗಲೇ ನಲವತ್ತು ವರ್ಷವಾಗಿತ್ತು. ಅದರ ಕೋಬಾಲ್ಟಿನಲ್ಲಿ ಉಳಿದಿದ್ದುದು ಮೊದಲಿನ ಸುಮಾರು ಇನ್ನೂರರಲ್ಲಿ ಒಂದು ಭಾಗ. ಆ ಒಂದು ಭಾಗವೇ ಪ್ರಾಣಾಂತಕವಾಯಿತು.

ಪಾಪ ಯಾರಿಗೆ?

ಮಾಯಾಪುರಿಯ ವಾರ್ತೆಯನ್ನು ಓದಿದ ಹಿರಿಯ ಶ್ರಾವಕರೊಬ್ಬರು ಬಹಳ ದಿನ ನೆಮ್ಮದಿಗೆಟ್ಟಿದ್ದರು. ಅವರ ಮನೆತನದ್ದು ಮೂರು ತಲೆಮಾರಿನ ಗುಜರಿ ವ್ಯಾಪಾರ. ಚಾತುರ್ಮಾಸದ ಸ್ವಾಧ್ಯಾಯ ಮುಗಿದ ಒಂದು ಸಂಜೆ ಅವರು ಊರಿನ ಶಾಸ್ತ್ರಜ್ಞರಲ್ಲಿ ತಮ್ಮ ಸಂಶಯವನ್ನು ನಿವೇದಿಸಿದರು.

"ಪಂಡಿತರೆ, ಕಬ್ಬಿಣ-ತಾಮ್ರಗಳನ್ನು ನಾವು ತೂಕ ನೋಡಿ ಕೊಳ್ಳುತ್ತೇವೆ, ಒಳಗೇನಿದೆಯೆಂದು ನೋಡುವುದಿಲ್ಲ. ಕೂಲಿಯಾಳು ಸುತ್ತಿಗೆ ಎತ್ತಿದಾಗ ಅವನಿಗೇನಾದರೂ ಆದರೆ ಆ ಪಾಪ ಯಾರಿಗೆ? ಮಾರಿದವರಿಗೋ, ಕೊಂಡ ನಮಗೋ, ಒಡೆದ ಅವನಿಗೋ?"

"ಸಾಹುಕಾರರೆ, ನೋಡಿ ನಡೆದ ಮುನಿಯ ಕಾಲಡಿಗೆ ಹುಳುವೊಂದು ಬಂದು ಸತ್ತರೆ ಬಂಧವಿಲ್ಲ, ನೋಡದೆ ನಡೆದವನ ಕಾಲಡಿಗೆ ಯಾವ ಹುಳುವೂ ಬಾರದಿದ್ದರೂ ಬಂಧವುಂಟು. ಹಿಂಸೆಯ ಮೂಲ ಪ್ರಮಾದ. ಗೊತ್ತಿರಲಿಲ್ಲವೆಂಬ ಮಾತು ಕೂಲಿಯಾಳಿಗೆ ಒಪ್ಪುತ್ತದೆ, ಅವನಿಗೆ ತಿಳಿಯುವ ದಾರಿಯೇ ಇರಲಿಲ್ಲ. ತಿಳಿಯಬಲ್ಲವರು ತಿಳಿಯದೆ ಉಳಿದರೆ ಅದು ಅಜ್ಞಾನವಲ್ಲ, ಪ್ರಮಾದ."

ಸಾಹುಕಾರರು ಸುಮ್ಮನಾಗಲಿಲ್ಲ. ತಿಳಿದುಕೊಳ್ಳುವ ದಾರಿಯನ್ನು ಅರಸಿದರು. ವಿಕಿರಣದ ಗುರುತಾದ ಹಳದಿ ನೆಲದ ಮೂರು ದಳದ ಚಿಹ್ನೆಯನ್ನೂ, 2007ರಲ್ಲಿ ಬಂದ ತಲೆಬುರುಡೆ ಹಾಗೂ ಓಡುವ ಮನುಷ್ಯನುಳ್ಳ ಕೆಂಪು ಚಿಹ್ನೆಯನ್ನೂ ದೊಡ್ಡದಾಗಿ ಬರೆಸಿ ಅಂಗಡಿಯ ಗೋಡೆಗೆ ಹಾಕಿಸಿದರು. ಅಕ್ಷರ ಬಾರದ ಆಳುಗಳಿಗೂ ಅದರ ಅರ್ಥವನ್ನು ಹೇಳಿಸಿದರು. ಗಾತ್ರಕ್ಕೆ ಮೀರಿ ತೂಗುವ, ಬೆಸುಗೆ ಹಾಕಿ ಮುಚ್ಚಿದ ಪೆಟ್ಟಿಗೆಗಳನ್ನೂ, ಆಸ್ಪತ್ರೆ ಹಾಗೂ ಪ್ರಯೋಗಶಾಲೆಗಳ ಯಂತ್ರಗಳನ್ನೂ ಒಳಗೇನಿದೆಯೆಂಬ ಬರಹವಿಲ್ಲದೆ ಕೊಳ್ಳುವುದನ್ನು ನಿಲ್ಲಿಸಿದರು. ಇದರಿಂದ ಲಾಭದ ಸರಕು ಕೈತಪ್ಪಿ ಪಕ್ಕದ ಅಂಗಡಿಗೆ ಹೋಯಿತು. "ಅಪ್ಪಾಜಿ, ನಾವು ಬಿಟ್ಟದ್ದನ್ನು ಬೇರೆಯವರು ಕೊಳ್ಳುತ್ತಾರೆ, ಅಪಾಯ ಹೇಗೂ ತಪ್ಪಲಿಲ್ಲವಲ್ಲ" ಎಂದು ಮಗನು ಆಕ್ಷೇಪಿಸಿದಾಗ ಅವರ ಬಳಿ ಒಳ್ಳೆಯ ಉತ್ತರವಿರಲಿಲ್ಲ. "ನಮ್ಮ ಕೈಯಿಂದ ಆಗುವುದು ಬೇಡ" ಎಂದಷ್ಟೇ ಹೇಳಿದರು.

ಮಗನ ಆಕ್ಷೇಪದಲ್ಲಿ ಸತ್ಯವಿಲ್ಲದಿಲ್ಲ. ಒಬ್ಬ ವ್ಯಾಪಾರಿಯ ವ್ರತವು ಪೇಟೆಯನ್ನು ತಿದ್ದಲಾರದು. ಅದಕ್ಕೆ ಕಾನೂನು ಬೇಕು, ಮಾಪಕಗಳು ಬೇಕು. ಆದರೆ ಜೈನದೃಷ್ಟಿಯು ಕರ್ಮವನ್ನು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆಯಾಗಿ ಎಣಿಸುವುದರ ಮಹತ್ತ್ವ ಇಲ್ಲಿಯೇ ವ್ಯಕ್ತವಾಗುತ್ತದೆ. ಒಡೆದವನಷ್ಟೇ ಕರ್ತೃವಲ್ಲ. ಮಾಹಿತಿಯನ್ನು ಕಳೆದುಕೊಂಡು ಹರಾಜು ಕೂಗಿಸಿದ ಸಂಸ್ಥೆಯದು ಕಾರಿತ. ಸ್ಥಳ ತೆರವಾಯಿತಲ್ಲ ಎಂದು ಸಂತೋಷಪಟ್ಟವರದು ಅನುಮೋದನೆ. ವಸ್ತುವಿನ ಸ್ವಭಾವವನ್ನು ಬಲ್ಲವರು ಎಷ್ಟು ಹೆಚ್ಚು ಬಲ್ಲರೋ ಅವರ ಹೊಣೆಯೂ ಅಷ್ಟು ಹೆಚ್ಚು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಗೃಹಸ್ಥರಿಗೆ ಎಣಿಸಿಕೊಟ್ಟ ಐದು ಅನರ್ಥದಂಡಗಳಲ್ಲಿ ಹಿಂಸಾದಾನ, ಪ್ರಮಾದಚರ್ಯೆ ಎರಡೂ ಸೇರಿವೆ. ಕೊಲ್ಲಬಲ್ಲ ವಸ್ತುವನ್ನು ವಿಚಾರವಿಲ್ಲದೆ ಇನ್ನೊಬ್ಬರ ಕೈಗೆ ಕೊಡುವುದು ಹಿಂಸಾದಾನ. ಹಣ ಪಡೆದು ಕೊಟ್ಟರೂ, ಉಚಿತವಾಗಿ ಕೊಟ್ಟರೂ, ಮರುಬಳಕೆಗೆಂದು ಕೊಟ್ಟರೂ ಅದರ ಹೆಸರು ಬದಲಾಗದು.

ಸೀಸ, ಪಾದರಸ, ಕಲ್ನಾರು

ವಿಕಿರಣದ ಮಾತು ಬಹುಮಂದಿ ಶ್ರಾವಕರ ಜೀವನಕ್ಕೆ ದೂರವೆಂದು ತೋರಬಹುದು. ದುಷ್ಕರವಾದ ಇತರ ದ್ರವ್ಯಗಳು ಹಾಗಲ್ಲ. ಅವು ಮನೆಯೊಳಗೂ ಬಸದಿಯ ಉಗ್ರಾಣದೊಳಗೂ ಇವೆ.

ಮೊದಲನೆಯದು ಸೀಸ. ಇನ್ವರ್ಟರ್ ಹಾಗೂ ವಾಹನಗಳ ಬ್ಯಾಟರಿಯಲ್ಲಿರುವ ಸೀಸವನ್ನು ಎಷ್ಟು ಬಾರಿ ಕರಗಿಸಿದರೂ ಅದರ ಗುಣ ಕೆಡುವುದಿಲ್ಲ. ಮರುಬಳಕೆಗೆ ಇದಕ್ಕಿಂತ ಯೋಗ್ಯವಾದ ಲೋಹ ವಿರಳ. ಆದರೆ ಅದೇ ಬ್ಯಾಟರಿಯು ಹಿತ್ತಿಲ ಕುಲುಮೆಗೆ ಹೋದರೆ ಆಮ್ಲವು ಚರಂಡಿಗೆ ಹರಿಯುತ್ತದೆ, ಸೀಸದ ಹೊಗೆಯು ಸುತ್ತಲಿನ ಮಕ್ಕಳ ರಕ್ತ ಸೇರುತ್ತದೆ. ಮಕ್ಕಳ ಬುದ್ಧಿಶಕ್ತಿಗೆ ಸೀಸದಿಂದಾಗುವ ಹಾನಿ ಮರಳಿ ಸರಿಹೋಗದು. ಇಷ್ಟರವರೆಗೆ ಅಪಾಯವಿಲ್ಲವೆಂದು ಹೇಳಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಹಳೆಯ ಬ್ಯಾಟರಿಗಳು ಅಧಿಕೃತ ಕಾರ್ಖಾನೆಗೇ ಮರಳಬೇಕೆಂದು 2001ರಲ್ಲಿ ನಿಯಮ ಬಂತು. ಅದರ ಸ್ಥಾನದಲ್ಲಿ 2022ರಲ್ಲಿ ಹೊಸ ನಿಯಮಗಳು ಬಂದವು. ಹಿತ್ತಿಲ ಕುಲುಮೆಯವನು ನೂರು ರೂಪಾಯಿ ಹೆಚ್ಚು ಕೊಡುತ್ತಾನೆಂದಾದರೆ ಆ ನೂರು ರೂಪಾಯಿ ಯಾರ ಮಗುವಿನಿಂದ ಬಂತೆಂದು ವಿಚಾರಿಸಬೇಕು.

ಎರಡನೆಯದು ಪಾದರಸ. ಇದನ್ನು ಕಾಯಿಸಿ ಭಟ್ಟಿಯಿಳಿಸಿ ಶುದ್ಧವಾಗಿ ಮರಳಿ ಪಡೆಯಬಹುದು. ಕೊಡೈಕನಾಲಿನಲ್ಲಿದ್ದ ಥರ್ಮಾಮೀಟರ್ ಕಾರ್ಖಾನೆಯೊಂದರ ಪಾದರಸ ಅಂಟಿದ ಒಡೆದ ಗಾಜು ಊರಿನ ಗುಜರಿ ಅಂಗಡಿಯಲ್ಲಿ ಪತ್ತೆಯಾಗಿ, 2001ರಲ್ಲಿ ಕಾರ್ಖಾನೆಯು ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ಪಾದರಸಯುಕ್ತ ತ್ಯಾಜ್ಯವನ್ನು ಅಮೆರಿಕಕ್ಕೆ ಹಡಗಿನಲ್ಲಿ ಕಳುಹಿಸಲಾಯಿತು. ಆ ಕಾರ್ಖಾನೆಯ ಯಂತ್ರಗಳು ಇಪ್ಪತ್ತು ವರ್ಷ ಮೊದಲು ಭಾರತಕ್ಕೆ ಬಂದದ್ದೂ ಅಮೆರಿಕದಿಂದಲೇ. ತಂದ ಬಾವಿಗೇ ಮರಳಿಸುವ ನಿಯಮವು ಅಪರೂಪಕ್ಕೆ ಹೀಗೆ ಪಾಲನೆಯಾಯಿತು. ಆದರೆ ಪಾದರಸದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮರಳಿ ಪಡೆದ ಪಾದರಸವನ್ನು ಪೇಟೆಗೆ ಬಿಟ್ಟರೆ ಅದು ಬಡ ದೇಶಗಳ ಸಣ್ಣ ಚಿನ್ನದ ಗಣಿಗಳನ್ನು ಸೇರಿ ಅಲ್ಲಿನ ಕೂಲಿಕಾರರನ್ನೂ ನದಿಯ ಮೀನುಗಳನ್ನೂ ವಿಷಗೊಳಿಸುತ್ತದೆ. ಆದ್ದರಿಂದಲೇ ಯುರೋಪಿನ ಒಕ್ಕೂಟವು 2011ರಲ್ಲಿ ಪಾದರಸದ ರಫ್ತನ್ನು ನಿಷೇಧಿಸಿತು. 2013ರ ಮಿನಮಾತಾ ಒಪ್ಪಂದವು ಅದರ ಬಳಕೆಯನ್ನೇ ಕ್ರಮೇಣ ನಿಲ್ಲಿಸಬೇಕೆನ್ನುತ್ತದೆ. ಭಾರತವು 2018ರಲ್ಲಿ ಅದನ್ನು ಅನುಮೋದಿಸಿತು. ಶುದ್ಧೀಕರಿಸಬಹುದು, ಆದರೆ ಮಾರಬಾರದು ಎಂಬ ವಸ್ತುವೂ ಉಂಟೆಂಬುದು ಇಲ್ಲಿಯ ಪಾಠ.

ಮೂರನೆಯದು ಕಲ್ನಾರು. ಸೂಕ್ಷ್ಮವಾದ ಇದರ ಎಳೆಗಳು ಶ್ವಾಸಕೋಶವನ್ನು ಹೊಕ್ಕರೆ ಹಲವು ದಶಕಗಳ ಬಳಿಕ ಕ್ಯಾನ್ಸರನ್ನು ತರಬಲ್ಲವು. ಅತ್ಯುಷ್ಣದಲ್ಲಿ ಕರಗಿಸಿ ಗಾಜಾಗಿಸುವ ವಿಧಾನವಿದ್ದರೂ ಅದಕ್ಕೆ ತಗಲುವ ಶಕ್ತಿ ಅಪಾರ. ಒಡೆಯದಂತೆ, ಧೂಳೇಳದಂತೆ ಒದ್ದೆಮಾಡಿ ತೆಗೆದು, ಸುತ್ತಿ, ನಿಗದಿಯಾದ ಅಪಾಯಕಾರಿ ತ್ಯಾಜ್ಯದ ಸ್ಥಳದಲ್ಲಿ ಇಡುವುದೇ ಸರಿಯಾದ ಕ್ರಮ. ಹಳೆಯ ತಗಡನ್ನು ಬಡವರ ಗುಡಿಸಲಿಗೆಂದು ಒಡೆದು ಕೊಡುವುದು ಕರುಣೆಯಂತೆ ಕಾಣುತ್ತದೆ. ಫಲದಲ್ಲಿ ಅದು ಕರುಣೆಯಲ್ಲ.

ಹೀಗೆ ನೋಡಿದರೆ ದುಷ್ಕರ ದ್ರವ್ಯಗಳಲ್ಲಿ ಮೂರು ವರ್ಗಗಳು ಸ್ಪಷ್ಟವಾಗುತ್ತವೆ. ಬಲ್ಲವರ ಕೈಯಲ್ಲಿ ಪುನಃ ಪುನಃ ಬಳಸಬಹುದಾದವು, ಸೀಸ ಹಾಗೂ ಉರಿದ ಯುರೇನಿಯಂನಂಥವು. ಮರಳಿ ಪಡೆಯಬಹುದಾದರೂ ಮುಕ್ತವಾದ ಪೇಟೆಗೆ ಬಿಡಬಾರದವು, ಪಾದರಸ ಹಾಗೂ ಪ್ಲುಟೋನಿಯಂನಂಥವು. ಕಾವಲಿನಲ್ಲಿಟ್ಟು ಕಾಯುವುದೊಂದೇ ಗತಿಯಾದವು, ಕಲ್ನಾರು ಹಾಗೂ ಗಾಜಿನಲ್ಲಿ ಬಂಧಿತವಾದ ಶೇಷದಂಥವು. ಈ ವರ್ಗೀಕರಣವನ್ನು ಮರೆತು ಮರುಬಳಕೆಯೆಲ್ಲವೂ ಪುಣ್ಯವೆಂದು ಭಾವಿಸುವುದು, ಪಾತ್ರಾಪಾತ್ರ ವಿವೇಕವಿಲ್ಲದೆ ಮಾಡಿದ ದಾನದಂತೆ.

ಬಸದಿಯ ಆಡಳಿತ ಮಂಡಳಿಗಳಿಗೆ

ದೇವಾಲಯಗಳ ಟ್ರಸ್ಟುಗಳು ಇಂದು ಪೂಜೆಗಷ್ಟೇ ಸೀಮಿತವಾಗಿಲ್ಲ. ಛತ್ರ, ವಿದ್ಯಾರ್ಥಿನಿಲಯ, ಔಷಧಾಲಯ, ಆಸ್ಪತ್ರೆಗಳನ್ನು ನಡೆಸುತ್ತಿವೆ. ಜೀರ್ಣೋದ್ಧಾರದ ಸಮಯದಲ್ಲಿ ಹಳೆಯ ಸಾಮಾನುಗಳನ್ನು ಒಟ್ಟಾಗಿ ಹರಾಜು ಹಾಕುವುದು ರೂಢಿ. ಆ ರಾಶಿಯಲ್ಲಿ ಏನೇನಿದೆಯೆಂಬ ಪಟ್ಟಿಯನ್ನು ಮೊದಲು ಮಾಡುವುದು ಆದಾನ-ನಿಕ್ಷೇಪಣ ಸಮಿತಿಯ ಸಾಮೂಹಿಕ ಪಾಲನೆಯೇ ಸರಿ. ಹಳೆಯ ಟ್ಯೂಬ್‌ಲೈಟುಗಳಲ್ಲಿ ಪಾದರಸವಿರುತ್ತದೆ, ಒಡೆಯದೆ ಬೇರೆಯಾಗಿಡಬೇಕು. ಉತ್ಸವಗಳಲ್ಲಿ ಬಳಸಿದ ಪೆಟ್ರೋಮ್ಯಾಕ್ಸ್ ದೀಪಗಳ ಮ್ಯಾಂಟಲಿಗೆ ಥೋರಿಯಂ ಬಳಸುತ್ತಿದ್ದರು. ಮುಟ್ಟಿದ ಮಾತ್ರಕ್ಕೆ ಭಯಪಡಬೇಕಿಲ್ಲ, ಆದರೆ ಉದುರಿದ ಬೂದಿಯನ್ನು ಊದಬಾರದು, ಮಕ್ಕಳ ಕೈಗೆ ಕೊಡಬಾರದು.

ಆಸ್ಪತ್ರೆಯುಳ್ಳ ಟ್ರಸ್ಟುಗಳ ಹೊಣೆ ಇನ್ನೂ ಹೆಚ್ಚಿನದು. ಎಕ್ಸ್‌ರೇ ಯಂತ್ರದೊಳಗೆ ವಿಕಿರಣಶೀಲ ದ್ರವ್ಯವಿಲ್ಲ. ವಿದ್ಯುತ್ತು ನಿಂತರೆ ಕಿರಣವೂ ನಿಲ್ಲುತ್ತದೆ. ಕೋಬಾಲ್ಟ್ ಯಂತ್ರ ಹಾಗಲ್ಲ. ಅದರೊಳಗಿನ ದ್ರವ್ಯವು ಯಾರೂ ಬಳಸದಿದ್ದರೂ ಹಗಲಿರುಳು ಕಿರಣ ಸೂಸುತ್ತಿರುತ್ತದೆ. ಅಂಥ ಯಂತ್ರವನ್ನು ಪಡೆಯುವ ದಿನವೇ ಅದನ್ನು ಮರಳಿಸುವ ದಾರಿಯನ್ನೂ ಬರಹದಲ್ಲಿ ನಿಶ್ಚಯಿಸಿಕೊಳ್ಳಬೇಕು. ಬಳಕೆ ಮುಗಿದ ಮೇಲೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿಯೊಡನೆ ಅದರ ವಿಕಿರಣಮೂಲವು ಒದಗಿಸಿದವರಿಗೋ ಅಧಿಕೃತ ಕೇಂದ್ರಕ್ಕೋ ಹೋಗಬೇಕೇ ಹೊರತು ಹರಾಜಿಗಲ್ಲ. ಆಡಳಿತ ಮಂಡಳಿಯ ಸದಸ್ಯರು ಬದಲಾಗುತ್ತಾರೆ, ವೈದ್ಯರು ನಿವೃತ್ತರಾಗುತ್ತಾರೆ, ಕಡತಗಳು ಕಳೆಯುತ್ತವೆ. ಗೊಯಾನಿಯಾ, ಮಾಯಾಪುರಿ ಎರಡರಲ್ಲಿಯೂ ಮೊದಲು ಕಳೆದುಹೋದದ್ದು ಯಂತ್ರವಲ್ಲ, ಅದು ಏನೆಂಬ ತಿಳಿವಳಿಕೆ. ಆದ್ದರಿಂದ ಬಸದಿಯ ಆಭರಣಗಳ ಪಟ್ಟಿಯನ್ನು ವರ್ಷವರ್ಷವೂ ಓದಿ ಒಪ್ಪಿಸುವಂತೆ ಅಪಾಯದ ವಸ್ತುಗಳ ಪಟ್ಟಿಯನ್ನೂ ಓದಿ ಒಪ್ಪಿಸುವ ಪದ್ಧತಿಯನ್ನು ಟ್ರಸ್ಟುಗಳು ಆರಂಭಿಸುವುದು ಅಗತ್ಯ.

ಮರುಬಳಕೆಯು ಅಪರಿಗ್ರಹಕ್ಕೆ ಪರ್ಯಾಯವಲ್ಲವೆಂಬುದನ್ನೂ ಹೇಳಬೇಕಾಗಿದೆ. ಹೇಗೂ ಮರುಬಳಸಬಹುದಲ್ಲ ಎಂಬ ಧೈರ್ಯದಿಂದ ಹೆಚ್ಚು ಹೆಚ್ಚು ಕೊಳ್ಳುವವನು, ಪ್ರಾಯಶ್ಚಿತ್ತ ಉಂಟಲ್ಲ ಎಂದು ದೋಷ ಮಾಡುವವನಿಗೆ ಸಮಾನ. ವಿದ್ಯುತ್ತನ್ನು ಮಿತವಾಗಿ ಬಳಸುವ ಮನೆಯು ಯಾವುದೋ ಸ್ಥಾವರದ ಕೊಳದಲ್ಲಿ ತಣಿಯಬೇಕಾದ ಇಂಧನದಲ್ಲಿ ಕಿಂಚಿತ್ತನ್ನಾದರೂ ಕಡಿಮೆ ಮಾಡುತ್ತದೆ. ಪರಿಗ್ರಹದ ಪರಿಮಾಣವನ್ನು ನಿಶ್ಚಯಿಸುವ ಶ್ರಾವಕರು ಇನ್ನು ಮುಂದೆ, ತರುವ ಪ್ರತಿಯೊಂದು ವಸ್ತುವಿನ ಬಗ್ಗೆಯೂ ಇದು ತನಗೆ ಬೇಕೆ ಎಂದು ಕೇಳಿಕೊಳ್ಳುವುದರ ಜೊತೆಗೆ, ಬಿಡುವ ದಿನ ಇದನ್ನು ಯಾರ ಕೈಗೆ, ಏನೆಂದು ಹೇಳಿ ಒಪ್ಪಿಸಬೇಕು ಎಂಬುದನ್ನೂ ಕೇಳಿಕೊಳ್ಳಲಿ. ಉತ್ತರ ದೊರೆಯದ ವಸ್ತುವನ್ನು ತಾರದಿರುವುದೇ ಲೇಸು. ತಂದಾಗಿದ್ದರೆ, ಉತ್ತರ ದೊರೆಯುವವರೆಗೆ ಅದನ್ನು ಕಾಯುವುದು ಗೃಹಸ್ಥಧರ್ಮ.